ಸ್ವಾಗತದ ಹಾರ

ಮಂಡಿ ಮುರಿದು ಎರಡು ವರ್ಷ ಹಾಸಿಗೆ ಹಿಡಿದಿದ್ದ ಕಬಡ್ಡಿ ಆಟಗಾರ ಮೈದಾನಕ್ಕೆ ಮರಳಿದ ದಿನ, ಅಭಿಮಾನಿಗಳು ಕ್ರೇನ್ ತರಿಸಿ ಆಳೆತ್ತರದ ಸೇಬಿನ ಹಾರ ಹಾಕಿದರು. ಹಗ್ಗ ಹರಿದು ಹಾರ ಧೊಪ್ಪನೆ ಬಿತ್ತು. ಹೆಗಲ ಮೂಳೆ ಮುರಿಯಿತು.

"ಏಳು ಜನ ಮೇಲೆ ಬಿದ್ದರೂ ಜಗ್ಗದ ಹೆಗಲು ಸಾರ್ ಇದು," ಎಂದು ಡಾಕ್ಟರ ಮುಂದೆ ಗೋಳಾಡಿದ.

"ಇನ್ನೊಂದೇಟು ಬಿದ್ದರೆ ಕಬಡ್ಡಿ ಮರೆತುಬಿಡಿ. ಎಳನೀರು ಚೆನ್ನಾಗಿ ತಗೊಳ್ಳಿ," ಎಂದರು ಡಾಕ್ಟರು.

ಅಂತೂ ಮೂಳೆ ಕೂಡಿತು. ಮೈದಾನದ ಗೇಟಿನಲ್ಲಿ ಮತ್ತೆ ಅದೇ ಕ್ರೇನ್ ಕಂಡು ಅವನು ಹೆಗಲು ಹಿಡಿದುಕೊಂಡು ಹಿಂದೆ ಸರಿದ.

"ಲೋ, ಸೇಬಿನ ಹಾರ ಬೇಡ ಕಣ್ರೋ!"

"ಅಯ್ಯೋ, ನಮಗೆ ಅಷ್ಟೂ ಬುದ್ಧಿ ಇಲ್ವಾ ಅಣ್ಣ?" ಅಭಿಮಾನಿ ಸಂಘದ ಅಧ್ಯಕ್ಷ ಹಗ್ಗ ಸಡಿಲಿಸುತ್ತಾ ನಕ್ಕ. "ಡಾಕ್ಟರನ್ನೇ ಕೇಳಿಕೊಂಡು ಬಂದಿದೀವಿ. ಈ ಸಲ ಪೂರ್ತಿ ಎಳನೀರಿಂದು."