ಅದುಮಿದ ಪುಡಿ

ಅಪ್ಪ ತೀರಿಕೊಂಡ ಮೇಲೆ, ಎಂಟು ವರ್ಷದಿಂದ ಬಳಸುತ್ತಿರುವ ಈ ಎಸ್ಪ್ರೆಸೊ ಯಂತ್ರಕ್ಕೆ ಕಾಫಿ ಪುಡಿ ಒತ್ತುವಾಗಲೆಲ್ಲ ಅದರ ವಾಸನೆಗೆ, ನಾನು ಚಿಕ್ಕವಳಿದ್ದಾಗಿನ ರಾಯಕೋಟೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ಮೊದಲ ಸಲ ಅಪ್ಪನಿಗೆ ನಾನೇ ಕಾಫಿ ಮಾಡುತ್ತಿದ್ದೆ. ಗಟ್ಟಿಯಾಗಲೆಂದು ಹಿತ್ತಾಳೆ ಫಿಲ್ಟರಿನಲ್ಲಿ ಪುಡಿಯನ್ನು ಬಲವಾಗಿ ಅದುಮಿದ್ದೆ. ಡಿಕಾಕ್ಷನ್ ಇಳಿಯಲೇ ಇಲ್ಲ. ಅಪ್ಪ ಕೆಲಸಕ್ಕೆ ಹೋಗಬೇಕಿದ್ದ ಹೊಸೂರಿನ ಬಸ್ಸು ಆಗಲೇ ತಿರುವಿನಲ್ಲಿ ಹಾರನ್ ಹೊಡೆಯಿತು.

"ನಿಮ್ ಮಗ್ಳು ಗೋಡೆಗೆ ಮಣ್ಣು ಮೆತ್ತಿದಂಗೆ ಮೆತ್ತವ್ಳೆ. ನೀವು ಹೊರಡಿ, ಶಿಫ್ಟಿಗೆ ಹೊತ್ತಾಯ್ತದೆ," ಎಂದಳು ಅಮ್ಮ.

ನನ್ನ ಕಣ್ಣು ತುಂಬಿತು. ಅಪ್ಪ ಊಟದ ಚೀಲ ಕೆಳಗಿಟ್ಟು, ಫಿಲ್ಟರಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಚಮಚದಿಂದ ಅದನ್ನು ಮೆಲ್ಲಗೆ ತಟ್ಟಿದ.

"ಬಸ್ಸು ಇನ್ನೊಂದು ಬತ್ತದೆ ಕಣವ್ವ. ಇದು ಇಳೀಲಿ."

ಬಸ್ಸು ಹೋಯಿತು. ಫಿಲ್ಟರಿನೊಳಗೆ ಮೊದಲ ಹನಿ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.