ಮುತ್ತಾತನ ಪಂಖ

ಪ್ರದರ್ಶನದಲ್ಲಿ ಪಂಖದ ಹಗ್ಗ ಎಳೆದ ಮೊದಲನೆಯವರೇ ಕಣ್ಣೊರೆಸಿಕೊಂಡಾಗ ಕಲಾವಿದೆಗೆ ಹಿಗ್ಗಿನಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತವರು ಬೇರೆ ಯಾರೂ ಅಲ್ಲ, ಗ್ಯಾಲರಿಯ ಯಜಮಾನರು! ಹಳೆಯ ಫೋಟೋ, ತುಕ್ಕು ತಗಡು, ಗೋಣಿಪಟ್ಟೆ ಸೇರಿಸಿ ಹೊಲಿದ, ಹಗ್ಗ ಎಳೆದರೆ ಗಾಳಿ ಬೀಸುವ ದೊಡ್ಡ ಪಂಖ ಚಾವಣಿಯಿಂದ ತೂಗುತ್ತಿತ್ತು. ಅದರ ಕೆಳಗೆ ದೊರೆಯ ಖಾಲಿ ಕುರ್ಚಿ. ಹಗ್ಗ ಎಳೆದಾಗಲೆಲ್ಲ ಸ್ಪೀಕರಿನಿಂದ ಒಂದು ನರಳಾಟ ಬೇರೆ.

ಪರದೇಶದ ದೊರೆಗೆ ಹಗ್ಗ ಎಳೆದು ಗಾಳಿ ಹಾಕುತ್ತಲೇ ಜೀವ ತೇಯ್ದ ಮುತ್ತಾತನ ನೋವು ಊರಿಗೆಲ್ಲ ತಿಳಿಯಬೇಕೆಂದು ಅವಳು ವರ್ಷಗಟ್ಟಲೆ ದುಡಿದಿದ್ದಳು. ಊರು ಹಾಗಿರಲಿ, ಆ ಮುತ್ತಾತನ ಮಗಳು, ಅಂದರೆ ಅವಳ ಅಜ್ಜಿ, ನೋಡಿ ಭೇಷ್ ಅಂದರೆ ಸಾಕಿತ್ತು.

ಅಜ್ಜಿ ಕೋಲೂರಿಕೊಂಡು ಬಂದಳು. ಪಂಖ ನೋಡಿದಳು, ಕುರ್ಚಿ ನೋಡಿದಳು, ನರಳಾಟ ಕೇಳಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಅಜ್ಜೀ, ಏನಿದು? ಎಲ್ಲರೂ ನೋಡ್ತಿದ್ದಾರೆ!"

"ಅಯ್ಯೋ ಹುಚ್ಚೀ, ನಮ್ಮಪ್ಪ ಯಾವತ್ತೇ ಹಗ್ಗ ಎಳ್ದಿದ್ದ? ದೊರೆ ಒಳಗೆ, ಇವನು ಹೊರಗೆ ಜಗಲೀಲಿ. ದೊರೆ ಸಾಕಿದ್ದ ನಾಯಿಗೇ ಅದನ್ನ ಕಟ್ಟಿ, ಮುಂದೆ ಒಂದು ಮೂಳೆ ತೂಗುಹಾಕಿ, ಗಡದ್ದಾಗಿ ನಿದ್ದೆ ಹೊಡೀತಿದ್ದ. ನಾಯಿ ಮುಂದೆ ಹೋದ್ರೂ ಗಾಳಿ, ಹಿಂದೆ ಬಂದ್ರೂ ಗಾಳಿ! ಇವನಂಥ ನಿಯತ್ತಿನ ಆಳು ಇನ್ನೊಬ್ಬ ಇಲ್ಲ ಅಂತ ದೊರೆ ಬಂದೋರಿಗೆಲ್ಲ ಹೇಳ್ತಿದ್ದನಂತೆ. ಅದನ್ನ ಹೇಳ್ಕೊಂಡು ಸಾಯೋವರೆಗೂ ನಕ್ಕ ನಮ್ಮಪ್ಪ. ನೀನು ನೋಡಿದ್ರೆ ಅವನನ್ನ ಹಿಡಿದು ನರಳಿಸ್ತಿದ್ದೀಯಲ್ಲೇ!"

ಯಜಮಾನರ ಕರವಸ್ತ್ರ ಕೆನ್ನೆಯ ಮೇಲೇ ನಿಂತಿತು. ಕಲಾವಿದೆಯ ಮುಖ ಬಾಡಿತು. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ ಎಂದುಕೊಳ್ಳುತ್ತಿರುವಾಗಲೇ, ಆ ನಿಯತ್ತಿನ ನಾಯಿ ಕಣ್ಣಿಗೆ ಕಟ್ಟಿತು. ತುಟಿ ಕಚ್ಚಿ ತಡೆದಳು, ಆಗಲಿಲ್ಲ. ಮೂಗಿನಿಂದ ಗೊರ್ರ್ ಎಂದು ಹೊರಟ ನಗು ಇಡೀ ಕೋಣೆಯನ್ನು ತುಂಬಿತು.

ಅಜ್ಜಿ ತಟ್ಟನೆ ಅವಳತ್ತ ಕಿವಿ ತಿರುಗಿಸಿದಳು.

"ಇನ್ನೊಂದ್ಸಲ ನಗು."

"ಯಾಕಜ್ಜೀ?"

"ಥೇಟ್ ನಮ್ಮಪ್ಪನ ನಗು ಕಣೇ. ಎಷ್ಟು ವರ್ಷ ಆಗಿತ್ತೋ ಕೇಳಿ."

ಕಲಾವಿದೆ ಓಡಿಹೋಗಿ ಸ್ಪೀಕರಿನ ವೈರು ಕಿತ್ತಳು. ನಗು ಮತ್ತೆ ಉಕ್ಕಿತು, ಈ ಬಾರಿ ಕಣ್ಣೀರಿನ ಜೊತೆಗೆ. ಅಜ್ಜಿ ದೊರೆಯ ಕುರ್ಚಿಯಲ್ಲಿ ಆರಾಮಾಗಿ ಒರಗಿ ಕಾಲು ಚಾಚಿದಳು.

"ಯಜಮಾನ್ರೇ, ಕೈ ಯಾಕೆ ನಿಂತೋಯ್ತು? ಹಗ್ಗ ಎಳೀರಿ. ನಮ್ಮಪ್ಪನ ನಗು ಕೇಳ್ತಾ ಸ್ವಲ್ಪ ಗಾಳಿ ತಗೋತೀನಿ."