ಗಲ್ಲದ ಕೆಳಗಿನ ಅಂಗೈ

ಗಡಿಯಾರ ರಿಪೇರಿಯವನ ಎಡಗಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ಇನ್ನೇನು ಜಾರುತ್ತದೆಂದು ಹೆಂಡತಿ ಅವನ ಗಲ್ಲದ ಕೆಳಗೆ ಅಂಗೈಯೊಡ್ಡಿ ನಿಂತಿದ್ದಳು. ಎರಡು ವರ್ಷದಿಂದ ಅದೇ ಅವಳ ಉದ್ಯೋಗ. ಅವನ ಎಡಗೆನ್ನೆ ಹೇಳದೆ ಕೇಳದೆ ಅದುರಿ ಸೆಟೆದುಕೊಳ್ಳುತ್ತಿತ್ತು, ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ಗಾಜು ಟಪ್ಪನೆ ಬೀಳುತ್ತಿತ್ತು. ಬಂದ ಹೆಂಗಸರಿಗೆಲ್ಲ ಕಣ್ಣು ಹೊಡೆಯುತ್ತಾನೆಂಬ ಹೆಸರು ಬೇರೆ.

"ಕಿವಿಯ ಹಿಂದೆ, ಒಳಗಡೆ, ರಕ್ತನಾಳ ಮುಖದ ನರಕ್ಕೆ ತಾಗ್ತಿದೆ. ನಿಮ್ಮ ಬಿಪಿ ನೋಡಿದ್ರೆ ತಾಗೋದಲ್ಲ, ಗುದ್ದುತ್ತಿದೆ. ಮೊದಲು ಅದನ್ನ ಇಳಿಸೋಣ, ಅದುರೋದು ಎಷ್ಟು ತಗ್ಗುತ್ತೋ ನೋಡೋಣ," ಎಂದಿದ್ದರು ಡಾಕ್ಟರು. ಗುಂಡುಕಲ್ಲಿನಂತಿರುವವನಿಗೆ ಮಾತ್ರೆ ಯಾಕೆಂದು ಅವನು ಮುಖ ತಿರುಗಿಸಿದ್ದ. "ನಿಂತುಹೋಗೋ ತನಕ ಗಡಿಯಾರ ತರಲ್ಲ ಅಂತ ಜನರನ್ನ ಬೈತೀರಲ್ಲ, ನೀವು ಮಾಡ್ತಿರೋದೇನು?" ಎಂದು ಅವಳು ಕೇಳಿದ್ದೇ ಕೇಳಿದ್ದು, ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ನುಂಗಿದ್ದ.

ಈಗ ಚಿಮಟದ ತುದಿಯಲ್ಲಿ ಕೂದಲೆಳೆಯಂಥ ಸುರುಳಿ. ಉಸಿರು ಬಿಗಿಹಿಡಿದು ಅದನ್ನು ಗಡಿಯಾರದೊಳಗೆ ಇಳಿಸಿದ. ಕೆನ್ನೆ ಸುಮ್ಮನಿತ್ತು. ತಿರುಪು ಕೂರಿಸಿದ. ಆಗಲೂ ಸುಮ್ಮನಿತ್ತು. ಪುಟ್ಟ ಚಕ್ರ ಒಮ್ಮೆ ನಡುಗಿ ಓಡತೊಡಗಿತು.

"ಕೈ ಇಳಿಸು," ಎಂದ.

"ಬಿದ್ರೆ?"

"ಬೀಳಲ್ಲ ಕಣೇ."

ಅವಳು ನಂಬಲಿಲ್ಲ, ಕೈ ಇಳಿಸಲೂ ಇಲ್ಲ. ಆ ಖಾಲಿ ಅಂಗೈಯ ಮೇಲೆ ಅವನು ಟಿಕ್‌ಟಿಕ್ ಎನ್ನುವ ಗಡಿಯಾರವನ್ನಿಟ್ಟ. ಎಡಗಣ್ಣಿನ ಗಾಜು ಕೂತಲ್ಲೇ ಕೂತಿತ್ತು. ಅವನು ಅವಳನ್ನೇ ನೋಡುತ್ತ, ಬೇಕೆಂದೇ, ಬಲಗಣ್ಣು ಹೊಡೆದ.